ಇಗ್ವಾನಾ ಸಾಕುವ ಮುನ್ನ ತಿಳಿಯಬೇಕಾದ ಸಂಗತಿಗಳು: ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ನಾಗರಿಕರ ಗಮನಕ್ಕೆ

1. ಪೀಠಿಕೆ

ಇತ್ತೀಚಿನ ವರ್ಷಗಳಲ್ಲಿ ನಾಯಿ, ಬೆಕ್ಕು, ಅಲಂಕಾರಿಕ ಮೀನುಗಳ ಜೊತೆಗೆ ವಿದೇಶಿ ಮೂಲದ ಪ್ರಾಣಿಗಳನ್ನು ಮನೆಗಳಲ್ಲಿ ಸಾಕುವ ಅಭಿರುಚಿ ನಗರಗಳಿಂದ ತಾಲ್ಲೂಕು ಕೇಂದ್ರಗಳಿಗೂ ಹಬ್ಬುತ್ತಿದೆ. ಇಂತಹ ಪ್ರಾಣಿಗಳ ಪೈಕಿ ಇಗ್ವಾನಾ ಎಂಬ ಹಸಿರು ಬಣ್ಣದ ದೊಡ್ಡ ಹಲ್ಲಿಯೂ ಒಂದು. ಇದನ್ನು ಸಾಕಬಹುದೇ, ಅನುಮತಿ ಬೇಕೇ, ಅರ್ಜಿಯನ್ನು ಎಲ್ಲಿ ಸಲ್ಲಿಸಬೇಕು, ಈಗಾಗಲೇ ಮನೆಯಲ್ಲಿರುವ ಪ್ರಾಣಿಯನ್ನು ಏನು ಮಾಡಬೇಕು ಎಂಬ ಪ್ರಶ್ನೆಗಳು ನಾಗರಿಕರಲ್ಲಿ ಸಹಜವಾಗಿ ಮೂಡುತ್ತವೆ. ಈ ಪ್ರಶ್ನೆಗಳಿಗೆ ಕಾನೂನು, ಆರೋಗ್ಯ, ಖರ್ಚುವೆಚ್ಚ ಹಾಗೂ ಸ್ಥಳೀಯ ಪರಿಸರ ಈ ನಾಲ್ಕೂ ದೃಷ್ಟಿಗಳಿಂದ ಉತ್ತರ ನೀಡುವುದು ಈ ಲೇಖನದ ಉದ್ದೇಶವಾಗಿರುತ್ತದೆ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಲಾಗಿದೆ. ಅಂಗಡಿಯಲ್ಲಿ ಕಾಣುವ ಗೇಣುದ್ದದ ಮರಿಯನ್ನು ನೋಡಿ ನಿರ್ಧಾರ ಕೈಗೊಳ್ಳಬಾರದು. ಆ ಮರಿ ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಏನಾಗಲಿದೆ ಎಂಬುದನ್ನು ನೋಡಿ ನಿರ್ಧರಿಸಬೇಕು.

2. ಇಗ್ವಾನಾ ಎಂದರೆ ಯಾವ ಪ್ರಾಣಿ?

ಹಸಿರು ಇಗ್ವಾನಾ ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಮಳೆಕಾಡುಗಳ, ಅದರಲ್ಲೂ ನದೀತೀರದ ಮರಗಳ ಮೇಲೆ ವಾಸಿಸುವ ಸಸ್ಯಾಹಾರಿ ಸರೀಸೃಪ. ಮೊಟ್ಟೆಯಿಂದ ಹೊರಬಂದಾಗ ಗೇಣುದ್ದವಿರುವ ಈ ಪ್ರಾಣಿ ಪೂರ್ಣ ಬೆಳೆದಾಗ ಬಾಲವೂ ಸೇರಿ ಒಂದೂವರೆ ಮೀಟರ್‌ನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಉದ್ದವಿರುತ್ತದೆ. ತೂಕ ನಾಲ್ಕೈದು ಕಿಲೋ ಗ್ರಾಂ ತಲುಪಬಹುದು. ಸರಿಯಾಗಿ ಸಾಕಿದಲ್ಲಿ 10ರಿಂದ 15 ವರ್ಷ, ಕೆಲವು 20 ವರ್ಷಗಳವರೆಗೆ ಬದುಕುತ್ತವೆ.

ನಮ್ಮ ತೋಟ, ಗುಡ್ಡ, ಗದ್ದೆಯ ಅಂಚುಗಳಲ್ಲಿ ಕಾಣುವ ಉಡವನ್ನು ಕೆಲವರು ಇಗ್ವಾನಾ ಎಂದು ತಪ್ಪಾಗಿ ಭಾವಿಸುವುದುಂಟು. ಇವೆರಡೂ ಬೇರೆ ಬೇರೆ ಪ್ರಾಣಿಗಳು. ಉಡದ ನಾಲಿಗೆ ಹಾವಿನಂತೆ ಸೀಳಿರುತ್ತದೆ, ಮೈ ಕಂದು ಅಥವಾ ಬೂದು ಬಣ್ಣದ್ದು, ಆಹಾರ ಕೀಟ, ಮೊಟ್ಟೆ, ಸಣ್ಣ ಪ್ರಾಣಿಗಳು. ಇಗ್ವಾನಾದ ಬೆನ್ನಿನುದ್ದಕ್ಕೂ ಮುಳ್ಳಿನ ಸಾಲು, ಗಂಟಲ ಕೆಳಗೆ ಜೋತುಬಿದ್ದ ಚರ್ಮದ ಚೀಲ, ಕಿವಿಯ ಕೆಳಭಾಗದಲ್ಲಿ ದುಂಡನೆಯ ದೊಡ್ಡ ಹುರುಪೆ ಇರುತ್ತವೆ. ಉಡವು ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಅನುಸೂಚಿ 1ರಲ್ಲಿ ಸೇರಿದ್ದು ಅತ್ಯುನ್ನತ ರಕ್ಷಣೆ ಪಡೆದಿದೆ. ಅದನ್ನು ಹಿಡಿಯುವುದು, ಸಾಕುವುದು, ಮಾರುವುದು, ಅದರ ಚರ್ಮ ಅಥವಾ ಅಂಗಗಳನ್ನು ಇಟ್ಟುಕೊಳ್ಳುವುದು ಅಪರಾಧ. ಉಡದ ಮರಿಯನ್ನು ಇಗ್ವಾನಾ ಎಂದು ಹೇಳಿ ಯಾರಾದರೂ ಮಾರಲು ಬಂದಲ್ಲಿ ಕೊಂಡವರೂ ಗಂಭೀರ ಪ್ರಕರಣಕ್ಕೆ ಸಿಲುಕುತ್ತಾರೆ.

ಬೆಳ್ತಂಗಡಿ, ಮೂಡುಬಿದಿರೆ ಭಾಗದ ಅಡಿಕೆ ತೋಟಗಳಲ್ಲಿ ಮರದಿಂದ ಮರಕ್ಕೆ ತೇಲಿ ಹೋಗುವ ಹಾರುವ ಓತಿಯೂ ವಾಸವಾಗಿದೆ. ಶ್ರೀ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿಯಿಂದ ಕನ್ನಡ ಓದುಗರಿಗೆಲ್ಲ ಪರಿಚಿತವಾದ ಪ್ರಾಣಿ ಇದು. ಹಲ್ಲಿ ಜಾತಿಯ ಪ್ರಾಣಿಗಳನ್ನು ಗಮನಿಸುವ ಆಸಕ್ತಿಯುಳ್ಳ ಮಕ್ಕಳಿಗೆ ಹಾರುವ ಓತಿ, ಓತಿಕ್ಯಾತ, ಅರಣೆ, ಮನೆಹಲ್ಲಿ ಇವೆಲ್ಲವೂ ಅಂಗಳದಲ್ಲಿಯೇ ಲಭ್ಯ. ಅವುಗಳನ್ನು ಹಿಡಿಯದೆ, ಇದ್ದಲ್ಲಿಯೇ ನೋಡಿ ಸಂತೋಷಪಡಬಹುದಾಗಿದೆ.

3. ಕಾನೂನಿನ ಹಿನ್ನೆಲೆ ಮತ್ತು ಪ್ರಸಕ್ತ ಸ್ಥಿತಿ

ಅಳಿವಿನ ಅಂಚಿನಲ್ಲಿರುವ ಪ್ರಾಣಿ ಮತ್ತು ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದಕ್ಕೆ ಭಾರತವು 1976ರಿಂದ ಸದಸ್ಯ ರಾಷ್ಟ್ರವಾಗಿದೆ. ಇಗ್ವಾನಾ ಆ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಆದರೂ ಬಹಳ ಕಾಲ ನಮ್ಮ ವನ್ಯಜೀವಿ ಕಾಯ್ದೆಯು ಮುಖ್ಯವಾಗಿ ದೇಶೀಯ ಪ್ರಾಣಿಗಳನ್ನೇ ಉದ್ದೇಶಿಸಿತ್ತು. ವಿದೇಶಿ ಪ್ರಾಣಿಯನ್ನು ಗಡಿಯಲ್ಲಿ ಕಸ್ಟಮ್ಸ್ ಅಧಿಕಾರಿಗಳು ತಡೆಯಬಹುದಾಗಿತ್ತೇ ಹೊರತು, ಒಮ್ಮೆ ಒಳಗೆ ಬಂದು ಯಾರದೋ ಮನೆ ಸೇರಿದ ನಂತರ ಅದರ ಲೆಕ್ಕ ಇಡುವ ಸಮರ್ಪಕ ವ್ಯವಸ್ಥೆ ಇರಲಿಲ್ಲ. "ಇದು ಭಾರತದ ಪ್ರಾಣಿಯಲ್ಲ, ಆದ್ದರಿಂದ ಅನುಮತಿ ಬೇಡ" ಎಂಬ ಮಾರಾಟಗಾರರ ಮಾತಿಗೆ ಈ ಕೊರತೆಯೇ ಆಧಾರವಾಗಿತ್ತು. ಆ ಮಾತು ಈಗ ಸತ್ಯವಲ್ಲ. ಹಂತ ಹಂತವಾಗಿ ಆದ ಬದಲಾವಣೆಗಳು ಈ ಕೆಳಕಂಡಂತಿವೆ.

(ಅ) ಜೂನ್ 2020ರಲ್ಲಿ ಕೇಂದ್ರ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯವು ವಿದೇಶಿ ಜೀವಿಗಳನ್ನು ಹೊಂದಿರುವವರು ಸ್ವಯಂಪ್ರೇರಿತವಾಗಿ ಘೋಷಿಸಿಕೊಳ್ಳಲು ಸೂಚನೆ ಹೊರಡಿಸಿತು. ಆರಂಭದಲ್ಲಿ ಆರು ತಿಂಗಳ ಕಾಲಾವಕಾಶ ನೀಡಿ, ಆ ಅವಧಿಯಲ್ಲಿ ಘೋಷಿಸಿದವರಿಂದ ಮೂಲ ದಾಖಲೆಗಳನ್ನು ಕೇಳುವುದಿಲ್ಲವೆಂಬ ರಿಯಾಯಿತಿಯನ್ನು ಕಲ್ಪಿಸಲಾಗಿತ್ತು. ಆ ರಿಯಾಯಿತಿಯ ಅವಧಿ ಮುಗಿದಿದೆ.

(ಆ) ವನ್ಯಜೀವಿ (ಸಂರಕ್ಷಣಾ) ತಿದ್ದುಪಡಿ ಕಾಯ್ದೆ, 2022 ದಿನಾಂಕ 1-4-2023ರಿಂದ ಜಾರಿಗೆ ಬಂದಿದೆ. ಸೈಟಿಸ್ ಪಟ್ಟಿಯ ಜೀವಿಗಳನ್ನು ಕಾಯ್ದೆಯ ಅನುಸೂಚಿ 4ರಲ್ಲಿ ಸೇರಿಸಲಾಗಿದ್ದು, ಇಗ್ವಾನಾ ಇದರ ವ್ಯಾಪ್ತಿಗೆ ಬರುತ್ತದೆ. ಕಲಂ 49ಎಂ ಪ್ರಕಾರ ಇಂತಹ ಜೀವಂತ ಪ್ರಾಣಿಯನ್ನು ಹೊಂದಿರುವ ಪ್ರತಿಯೊಬ್ಬರೂ ಅದರ ವಿವರವನ್ನು ವರದಿ ಮಾಡಿ ನೋಂದಾಯಿಸಿಕೊಳ್ಳಬೇಕು.

(ಇ) ಇದನ್ನು ಕಾರ್ಯಗತಗೊಳಿಸಲು 2024ರ ಫೆಬ್ರವರಿಯಲ್ಲಿ ಜೀವಂತ ಪ್ರಾಣಿ ಪ್ರಭೇದಗಳ (ವರದಿ ಮತ್ತು ನೋಂದಣಿ) ನಿಯಮಗಳು ಪ್ರಕಟವಾದವು. ಆಗಲೇ ಪ್ರಾಣಿಯನ್ನು ಹೊಂದಿದ್ದವರಿಗೆ ಆರು ತಿಂಗಳ ಅವಧಿ ನೀಡಲಾಗಿತ್ತು. ಅನಂತರ ಪಡೆದವರು ಪಡೆದ ದಿನದಿಂದ 30 ದಿನಗಳೊಳಗಾಗಿ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯನ್ನು 'ಪರಿವೇಶ್ 2.0' ಜಾಲತಾಣದ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಸಲ್ಲಿಸಬೇಕಾಗಿದೆ. ಪ್ರಾಣಿ ಮರಿ ಹಾಕಿದಲ್ಲಿ, ಸತ್ತಲ್ಲಿ ಅಥವಾ ಬೇರೆಯವರಿಗೆ ವರ್ಗಾವಣೆಯಾದಲ್ಲಿ ಅದನ್ನೂ ನಿಗದಿತ ಅವಧಿಯಲ್ಲಿ ತಿಳಿಸಬೇಕು.

(ಈ) ಕಾಯ್ದೆಯ ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ತಿದ್ದುಪಡಿಗೆ ಮೊದಲು ದಂಡದ ಗರಿಷ್ಠ ಮಿತಿ 25,000 ರೂಪಾಯಿಗಳಾಗಿತ್ತು.

ಸಾಕುಪ್ರಾಣಿ ಮಾರಾಟದ ಅಂಗಡಿಗಳು 2018ರ ನಿಯಮಗಳಂತೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಹೊಂದಿರಬೇಕೆಂಬುದನ್ನೂ ಖರೀದಿದಾರರು ನೆನಪಿನಲ್ಲಿಡುವುದು.

ಇಷ್ಟೊಂದು ಬಿಗಿ ಏಕೆ ಎಂದು ಕೇಳುವವರಿಗೆ ನಮ್ಮ ರಾಜ್ಯದ್ದೇ ಎರಡು ಪ್ರಕರಣಗಳು ಉತ್ತರ ನೀಡುತ್ತವೆ. ಜನವರಿ 2023ರಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದ ಅಧಿಕಾರಿಗಳು ಬೆಂಗಳೂರು ವಿಮಾನ ನಿಲ್ದಾಣದಲ್ಲಿ 18 ವಿದೇಶಿ ಪ್ರಾಣಿಗಳನ್ನು ವಶಪಡಿಸಿಕೊಂಡರು. ಅದರ ಜಾಡು ಹಿಡಿದು ನಗರದ ಹೊರವಲಯದ ತೋಟದ ಮನೆಯೊಂದನ್ನು ಶೋಧಿಸಿದಾಗ 48 ಪ್ರಭೇದಗಳಿಗೆ ಸೇರಿದ 139 ಪ್ರಾಣಿಗಳು ದೊರೆತವು. ಅವುಗಳಲ್ಲಿ ಇಗ್ವಾನಾಗಳೂ ಇದ್ದವು. ಅದೇ ವರ್ಷದ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕರೊಬ್ಬರ ಸಾಮಾನಿನಲ್ಲಿ 234 ಪ್ರಾಣಿಗಳು ಪತ್ತೆಯಾದವು. ಹೆಬ್ಬಾವು, ಗೋಸುಂಬೆ, ಆಮೆ, ಇಗ್ವಾನಾಗಳ ಜೊತೆಗಿದ್ದ ಕಾಂಗರೂ ಮರಿಯು ಉಸಿರುಗಟ್ಟಿ ಸತ್ತಿತ್ತು. ಅಂಗಡಿಯಲ್ಲಿ ಅಥವಾ ಮೊಬೈಲ್ ಜಾಹೀರಾತಿನಲ್ಲಿ ಅಗ್ಗವಾಗಿ ದೊರೆಯುವ ಮರಿಯು ಇಂತಹ ಪೆಟ್ಟಿಗೆಯೊಂದರಿಂದಲೇ ಬಂದಿರಬಹುದು ಎಂಬುದನ್ನು ಖರೀದಿದಾರರು ಅರಿಯಬೇಕು.

4. ಸಾಕಣೆಯ ನೈಜ ಹೊಣೆ

ಕಾನೂನುಬದ್ಧವಾಗಿ ಪಡೆದ ಇಗ್ವಾನಾ ಆದರೂ ಅದು ಮನೆಗೆ ಹೊಂದುವ ಪ್ರಾಣಿಯೇ ಎಂಬುದು ಮುಂದಿನ ಪ್ರಶ್ನೆ. ಕೊಂಡ ಬೆಲೆ ಒಂದು ಸಲದ ಖರ್ಚು. ಆವರ್ತಕ ವೆಚ್ಚವೇ ನಿಜವಾದ ಬೆಲೆ. ಅದನ್ನು ಬಾಬುವಾರು ಪರಿಶೀಲಿಸಲಾಗಿದೆ.

ಸ್ಥಳ: ಬೆಳೆದ ಪ್ರಾಣಿಗೆ ಸುಮಾರು ಆರು ಅಡಿ ಎತ್ತರ, ಆರು ಅಡಿ ಉದ್ದ, ಮೂರು ಅಡಿ ಅಗಲದ ಗೂಡು ಅವಶ್ಯ. ಇದು ಮರವೇರುವ ಪ್ರಾಣಿಯಾದ್ದರಿಂದ ಎತ್ತರವೇ ಮುಖ್ಯ. ಮೀನಿನ ಗಾಜಿನ ತೊಟ್ಟಿ ಮೊದಲ ಕೆಲವು ತಿಂಗಳಿಗಷ್ಟೇ ಸಾಕಾಗುತ್ತದೆ.

ಬೆಳಕು ಮತ್ತು ಶಾಖ: ಇಗ್ವಾನಾ ತನ್ನ ದೇಹದ ಶಾಖವನ್ನು ತಾನೇ ಉತ್ಪಾದಿಸಲಾರದು. ಆಹಾರ ಜೀರ್ಣವಾಗಲು ಸುಮಾರು 32ರಿಂದ 36 ಡಿಗ್ರಿ ಸೆಲ್ಷಿಯಸ್ ಬಿಸಿಯಿರುವ ಜಾಗದಲ್ಲಿ ಮೈ ಕಾಯಿಸಿಕೊಳ್ಳಬೇಕು. ಸೂರ್ಯನ ನೇರಳಾತೀತ ಕಿರಣ ಮೈಮೇಲೆ ಬೀಳದಿದ್ದಲ್ಲಿ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಮೂಳೆಗಳು ಮೆತ್ತಗಾಗಿ ದವಡೆ ಊದಿ, ಕಾಲು ಸೊಟ್ಟಗಾಗಿ, ನಡುಕ ಬಂದು ಪ್ರಾಣಿ ಸಾಯುತ್ತದೆ. ಸಾಕಿದ ಇಗ್ವಾನಾಗಳಲ್ಲಿ ಅತ್ಯಂತ ಸಾಮಾನ್ಯವಾಗಿ ಕಾಣುವ ಕಾಯಿಲೆ ಇದೇ ಆಗಿದೆ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಿಂದ ಪ್ರಯೋಜನವಿಲ್ಲ, ಏಕೆಂದರೆ ಗಾಜು ಈ ಕಿರಣವನ್ನು ತಡೆಯುತ್ತದೆ. ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಬಿಸಿಲು ಧಾರಾಳವಾಗಿದ್ದರೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಗಟ್ಟಲೆ ಸೂರ್ಯದರ್ಶನವೇ ಅಪರೂಪ. ಆ ಅವಧಿಯಲ್ಲಿ ಶಾಖದ ದೀಪ ಹಾಗೂ ನೇರಳಾತೀತ ದೀಪ ಎರಡೂ ದಿನಕ್ಕೆ ಸುಮಾರು 12 ಗಂಟೆ ಉರಿಯಬೇಕು. 100 ವಾಟ್‌ನ ಒಂದು ದೀಪ 12 ಗಂಟೆ ಉರಿದರೆ ದಿನಕ್ಕೆ 1.2 ಯೂನಿಟ್, ನಾಲ್ಕು ತಿಂಗಳಿಗೆ ಸುಮಾರು 146 ಯೂನಿಟ್ ವಿದ್ಯುತ್ ವೆಚ್ಚವಾಗುತ್ತದೆ. ವರ್ಷವಿಡೀ ಒಳಾಂಗಣದಲ್ಲಿ ಸಾಕಿದಲ್ಲಿ 438 ಯೂನಿಟ್, 15 ವರ್ಷಗಳಿಗೆ 6,570 ಯೂನಿಟ್. ನೇರಳಾತೀತ ದೀಪ ಉರಿಯುತ್ತಿರುವಂತೆ ಕಂಡರೂ ಅದರ ಶಕ್ತಿ ಕುಂದುವುದರಿಂದ ಆರು ತಿಂಗಳಿಂದ ಒಂದು ವರ್ಷದೊಳಗೆ ಬದಲಾಯಿಸಬೇಕು. ಅಂದರೆ ಪ್ರಾಣಿಯ ಜೀವಿತಾವಧಿಯಲ್ಲಿ 15ರಿಂದ 30 ದೀಪಗಳು. ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ವಿದ್ಯುತ್ ಕಡಿತವಾಗುವ ಘಟ್ಟದ ಬುಡದ ಗ್ರಾಮಗಳಲ್ಲಿ ಬದಲಿ ವ್ಯವಸ್ಥೆಯೂ ಬೇಕಾಗುತ್ತದೆ.

ಆಹಾರ: ಈ ಒಂದು ಬಾಬಿನಲ್ಲಿ ನಮ್ಮ ಭಾಗದವರಿಗೆ ಅನುಕೂಲವಿದೆ. ದಾಸವಾಳದ ಎಲೆ ಮತ್ತು ಹೂವು, ನುಗ್ಗೆಸೊಪ್ಪು, ಸಿಹಿಕುಂಬಳ, ಸ್ವಲ್ಪ ಪಪ್ಪಾಯಿ ಇವನ್ನು ನೀಡಬಹುದು. ಆದರೆ ಮನೆಯಲ್ಲಿ ಸುಲಭವಾಗಿ ದೊರೆಯುವ ಬಸಳೆ, ಹರಿವೆ, ಪಾಲಕ್‌ಗಳಲ್ಲಿರುವ ಆಕ್ಸಲೇಟ್ ಅಂಶ ಕ್ಯಾಲ್ಸಿಯಂ ಹೀರಿಕೆಗೆ ಅಡ್ಡಿಯಾಗುವುದರಿಂದ ಅವನ್ನೇ ನಿತ್ಯದ ಆಹಾರವಾಗಿಸಬಾರದು. ಅನ್ನ, ಮೀನು, ಮೊಟ್ಟೆ, ನಾಯಿ ಬೆಕ್ಕುಗಳ ತಿಂಡಿ ಕೊಡಲೇಬಾರದು. ಮಾಂಸಾಹಾರದಿಂದ ಇದರ ಮೂತ್ರಪಿಂಡ ಹಾಳಾಗುತ್ತದೆ.

ಚಿಕಿತ್ಸೆ: ತಾಲ್ಲೂಕು ಮಟ್ಟದ ಪಶು ಆಸ್ಪತ್ರೆಗಳು ಮುಖ್ಯವಾಗಿ ದನ, ಆಡು, ಕೋಳಿ, ನಾಯಿಗಳ ಸೇವೆಗಾಗಿ ಇರುವಂಥವು. ಸರೀಸೃಪಗಳ ಚಿಕಿತ್ಸೆಯಲ್ಲಿ ಅನುಭವವುಳ್ಳ ವೈದ್ಯರು ವಿರಳ. ಅಂತಹವರನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ಪ್ರಾಣಿಯನ್ನು ತರಬಾರದು.

ಸ್ವಭಾವ: ಇಗ್ವಾನಾ ನಾಯಿಯಂತೆ ಯಜಮಾನನ ಹಿಂದೆ ಬರುವ ಪ್ರಾಣಿಯಲ್ಲ. ನಿತ್ಯ ತಾಳ್ಮೆಯಿಂದ ಒಗ್ಗಿಸಿದಲ್ಲಿ ಮನುಷ್ಯರ ಸಾಮೀಪ್ಯವನ್ನು ಸಹಿಸುತ್ತದೆ. ಗಂಡು ಪ್ರಾಣಿಗಳು ಬೆದೆಯ ಕಾಲದಲ್ಲಿ ಸಾಕಿದವರ ಮೇಲೂ ಎರಗಬಹುದು. ಅದರ ಬಾಲದ ಏಟು ಚಾಟಿಯಂತಿರುತ್ತದೆ, ಕಡಿತ ಆಳವಾಗಿರುತ್ತದೆ. ಹೆದರಿದಾಗ ಬಾಲವನ್ನು ಕಳಚಿಕೊಂಡು ಓಡುವುದೂ ಉಂಟು.

ಮನೆಯವರ ಆರೋಗ್ಯ: ಆರೋಗ್ಯವಾಗಿ ಕಾಣುವ ಸರೀಸೃಪಗಳ ಕರುಳಿನಲ್ಲಿಯೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಇದರಿಂದ ಮನುಷ್ಯರಿಗೆ ತೀವ್ರ ವಾಂತಿಭೇದಿ, ಜ್ವರ ಬರುತ್ತದೆ. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವೃದ್ಧರು, ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಗಳಲ್ಲಿ ಇಗ್ವಾನಾ ಇಟ್ಟುಕೊಳ್ಳದಿರುವುದು ಸೂಕ್ತ. ಮುಟ್ಟಿದ ಪ್ರತಿ ಸಲವೂ ಸಾಬೂನಿನಿಂದ ಕೈ ತೊಳೆಯಬೇಕು. ಅದರ ನೀರಿನ ತೊಟ್ಟಿಯನ್ನು ಅಡುಗೆಮನೆಯಲ್ಲಿ ತೊಳೆಯಬಾರದು.

5. ನಮ್ಮ ಹವೆಯ ಅನುಕೂಲವೇ ಅಪಾಯ

ಮೇಲ್ಕಂಡ ಹೊಣೆಗಳು ಆಯಾ ಕುಟುಂಬಕ್ಕೆ ಸಂಬಂಧಿಸಿದ್ದು. ಸಾರ್ವಜನಿಕ ಹಿತಕ್ಕೆ ಸಂಬಂಧಿಸಿದ ಸಂಗತಿ ಇನ್ನೊಂದಿದೆ. ಎರಡು ಮೂರು ವರ್ಷಗಳಲ್ಲಿ ಪ್ರಾಣಿ ದೊಡ್ಡದಾಗಿ ನಿಭಾಯಿಸಲಾಗದೆ ಹೋದಾಗ, ಅಥವಾ ನೋಂದಣಿ ಆಗಿಲ್ಲವೆಂಬ ಭಯ ಹುಟ್ಟಿದಾಗ, ಸಾಕಿದವರಿಗೆ ಹೊಳೆಯುವ ಮೊದಲ ದಾರಿ ಅದನ್ನು ಹೊಳೆಬದಿಯಲ್ಲೋ ಕಾಡಂಚಿನಲ್ಲೋ ಬಿಟ್ಟು ಬರುವುದು. ಇದು ಕರುಣೆಯಂತೆ ಕಂಡರೂ ಅತ್ಯಂತ ಹಾನಿಕರ ಕ್ರಮವಾಗಿರುತ್ತದೆ.

ಅಮೆರಿಕದ ಫ್ಲೋರಿಡಾ ರಾಜ್ಯ, ಪೋರ್ಟೊ ರಿಕೊ, ತೈವಾನ್, ಫಿಜಿ ಮೊದಲಾದೆಡೆ ಇಗ್ವಾನಾ ಮೂಲ ಜೀವಿಯಲ್ಲ. ಸಾಕಿದವರಿಂದ ತಪ್ಪಿಸಿಕೊಂಡ ಅಥವಾ ಬಿಡಲ್ಪಟ್ಟ ಪ್ರಾಣಿಗಳೇ ಅಲ್ಲಿ ಸಂತತಿ ಬೆಳೆಸಿವೆ. ಹೆಣ್ಣು ಇಗ್ವಾನಾ ಒಂದು ಸಲಕ್ಕೆ 20ರಿಂದ 70 ಮೊಟ್ಟೆಗಳನ್ನು ನೆಲ ಕೊರೆದು ಇಡುತ್ತದೆ. ಫ್ಲೋರಿಡಾದಲ್ಲಿ ಈ ಬಿಲಗಳಿಂದ ಕಾಲುವೆಯ ದಂಡೆಗಳು, ತಡೆಗೋಡೆಗಳು, ಕಟ್ಟಡದ ಅಡಿಪಾಯಗಳು ಸಡಿಲಗೊಂಡಿವೆ. ಹೂತೋಟ, ತರಕಾರಿ ಬೆಳೆಗಳಿಗೂ ಹಾನಿಯಾಗಿದೆ. 2021ರಲ್ಲಿ ಆ ರಾಜ್ಯವು ಇಗ್ವಾನಾವನ್ನು ನಿಷೇಧಿತ ಪಟ್ಟಿಗೆ ಸೇರಿಸಿ, ಆಗಲೇ ಸಾಕುತ್ತಿದ್ದವರಿಗೆ ಮಾತ್ರ ಗುರುತಿನ ಚಿಪ್ ಅಳವಡಿಸುವ ಷರತ್ತಿನ ಮೇಲೆ ಅನುಮತಿ ನೀಡಿತು.

ಫ್ಲೋರಿಡಾದಲ್ಲಿ ಚಳಿಗಾಲದ ಶೀತಗಾಳಿಗೆ ಇಗ್ವಾನಾಗಳು ಮರಗಟ್ಟಿ ಮರದಿಂದ ಉದುರುತ್ತವೆ. ಅಲ್ಲಿ ಚಳಿಯಾದರೂ ಅವುಗಳ ಸಂಖ್ಯೆಗೆ ಸ್ವಲ್ಪ ಮಿತಿ ಹಾಕುತ್ತದೆ. ದಕ್ಷಿಣ ಕನ್ನಡದಲ್ಲಿ ಅಂತಹ ಚಳಿಯೇ ಇಲ್ಲ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಬೆಚ್ಚಗಿನ ತೇವದ ಹವೆ, ಬಂಟ್ವಾಳವನ್ನು ಬಳಸಿ ಹರಿಯುವ ನೇತ್ರಾವತಿ, ವೇಣೂರಿನ ಮೂಲಕ ಸಾಗುವ ಫಲ್ಗುಣಿ, ಮೂಡುಬಿದಿರೆಯ ಹಳೆಯ ಕೆರೆಗಳು, ದಂಡೆಯುದ್ದಕ್ಕೂ ಮರ ಮತ್ತು ತೋಟ. ಚೆನ್ನಾಗಿ ಈಜುವ, ಮರವೇರುವ, ಎಲೆ ತಿನ್ನುವ ಪ್ರಾಣಿಗೆ ಇದಕ್ಕಿಂತ ಅನುಕೂಲವಾದ ನೆಲೆ ವಿರಳ. ಬೆಳ್ತಂಗಡಿ ತಾಲ್ಲೂಕಿನ ಪೂರ್ವಭಾಗವಂತೂ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೊಂದಿಕೊಂಡಿದೆ. ಕೃಷಿಕರ ಬಸಳೆ ಚಪ್ಪರ, ತರಕಾರಿ ಸಾಲು, ತೋಡಿನ ಕಟ್ಟಗಳ ಮಣ್ಣಿನ ದಂಡೆ ಇವೆಲ್ಲವೂ ಇಂತಹ ಪ್ರಾಣಿ ನೆಲೆಯೂರಿದಲ್ಲಿ ಹಾನಿಗೆ ತೆರೆದಿರುವಂಥವು.

ಇದು ಕೇವಲ ಊಹೆ ಎನ್ನುವಂತಿಲ್ಲ. ಅಲಂಕಾರಕ್ಕೆಂದು ಮಾರಾಟವಾದ ಕೆಂಪು ಕಿವಿಯ ಆಮೆ ಕೇರಳವೂ ಸೇರಿದಂತೆ ದೇಶದ ಹಲವೆಡೆ ಕೆರೆ ಕಾಲುವೆಗಳಲ್ಲಿ ಕಂಡುಬಂದಿದೆ. ಆಫ್ರಿಕಾ ಮೂಲದ ದೈತ್ಯ ಬಸವನಹುಳು ತೋಟಗಳಲ್ಲಿ ಮಾಡುತ್ತಿರುವ ಹಾನಿ ಕೃಷಿಕರಿಗೆ ತಿಳಿದೇ ಇದೆ. ಆಕ್ರಮಣಕಾರಿ ವಿದೇಶಿ ಪ್ರಭೇದಗಳ ಆಮದು, ವ್ಯಾಪಾರ ಹಾಗೂ ಸ್ವಾಧೀನವನ್ನು ನಿಯಂತ್ರಿಸಲು ಅಥವಾ ನಿಷೇಧಿಸಲು ಕೇಂದ್ರ ಸರ್ಕಾರಕ್ಕೆ 2022ರ ತಿದ್ದುಪಡಿಯ ಕಲಂ 62ಎ ಅಧಿಕಾರ ನೀಡಿರುವುದು ಈ ಹಿನ್ನೆಲೆಯಲ್ಲಿಯೇ.

6. ನಿರ್ಣಯ

ಮೇಲಿನ ಎಲ್ಲ ಅಂಶಗಳನ್ನು ತೂಗಿ ನೋಡಿದಲ್ಲಿ, ಸಾಮಾನ್ಯ ಕುಟುಂಬಕ್ಕೆ ಇಗ್ವಾನಾ ಒಳ್ಳೆಯ ಸಾಕುಪ್ರಾಣಿಯಲ್ಲ ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ವಿಶೇಷವಾಗಿ ಬಾಡಿಗೆ ಕೊಠಡಿ ಹಾಗೂ ವಸತಿನಿಲಯಗಳಲ್ಲಿರುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಮೂರು ನಾಲ್ಕು ವರ್ಷಗಳ ವ್ಯಾಸಂಗ ಮುಗಿಸಿ ಊರಿಗೆ ಹಿಂದಿರುಗುವಾಗ ಪ್ರಾಣಿಯ ಆಯುಷ್ಯದ ಅರ್ಧಭಾಗವೂ ಮುಗಿದಿರುವುದಿಲ್ಲ. ಸ್ವಂತ ಮನೆ, ಸ್ಥಳ, ನಿರಂತರ ಆದಾಯ, ನಿತ್ಯ ಸಮಯ, ಪರಿಚಿತ ಪಶುವೈದ್ಯರು ಹಾಗೂ ಪೂರ್ಣ ದಾಖಲೆಗಳು ಇವೆಲ್ಲವೂ ಇರುವ ವಯಸ್ಕರು ಮಾತ್ರ ಈ ವಿಷಯವನ್ನು ಆಲೋಚಿಸಬಹುದು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಬೇಡವೆನ್ನುವುದೇ ಪ್ರಾಣಿಗೂ ಮನೆಯವರಿಗೂ ಹಿತ.

7. ಈಗಾಗಲೇ ಇಗ್ವಾನಾ ಹೊಂದಿರುವವರು ಕೈಗೊಳ್ಳಬೇಕಾದ ಕ್ರಮ

(1) ಯಾವುದೇ ಕಾರಣಕ್ಕೂ ಪ್ರಾಣಿಯನ್ನು ಹೊಳೆ, ಕೆರೆ, ತೋಟ ಅಥವಾ ಕಾಡಿಗೆ ಬಿಡಬಾರದು. ಸ್ನೇಹಿತರಿಗೆ ಗುಟ್ಟಾಗಿ ದಾಟಿಸಬಾರದು, ಕೊಲ್ಲಬಾರದು.

(2) ಪ್ರಾಣಿಯ ಛಾಯಾಚಿತ್ರ, ಅಂದಾಜು ವಯಸ್ಸು, ಪಡೆದ ದಿನಾಂಕ, ಕೊಟ್ಟವರ ವಿವರ, ರಸೀದಿ ಇದ್ದಲ್ಲಿ ರಸೀದಿ, ತಮ್ಮ ಗುರುತು ಮತ್ತು ವಾಸಸ್ಥಳದ ದಾಖಲೆಗಳನ್ನು ಸಿದ್ಧಪಡಿಸಿಕೊಳ್ಳುವುದು.

(3) ನೋಂದಣಿ ಆಗಿಲ್ಲದಿದ್ದಲ್ಲಿ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಲಿಖಿತವಾಗಿ ವಿಷಯ ತಿಳಿಸಿ, ಸ್ವೀಕೃತಿ ಪಡೆದು, ಅವರ ಸೂಚನೆಯಂತೆ ಪರಿವೇಶ್ 2.0ರಲ್ಲಿ ಅರ್ಜಿ ಸಲ್ಲಿಸುವುದು. ಅವಧಿ ಮೀರಿದ ಅರ್ಜಿಗಳ ಬಗ್ಗೆ ಕೈಗೊಳ್ಳುವ ಕ್ರಮ ಸಕ್ಷಮ ಪ್ರಾಧಿಕಾರದ ವಿವೇಚನೆಗೆ ಒಳಪಟ್ಟಿರುತ್ತದೆ. ಆದರೆ ತಾವಾಗಿ ಬಂದು ತಿಳಿಸಿದವರ ಸ್ಥಿತಿಯು, ಶೋಧನೆಯಲ್ಲಿ ಸಿಕ್ಕಿಬಿದ್ದವರ ಸ್ಥಿತಿಗಿಂತ ಮೇಲು.

(4) ಸಾಕಲು ಅಶಕ್ತರಾದವರು ಅದನ್ನೂ ಅದೇ ಪತ್ರದಲ್ಲಿ ನಮೂದಿಸಿ, ಪ್ರಾಣಿಯ ಮುಂದಿನ ವ್ಯವಸ್ಥೆಗೆ ಕೋರಿಕೊಳ್ಳಬಹುದು. ಉತ್ತರ ಬರುವವರೆಗೆ ಆಹಾರ, ಬೆಳಕು, ಚಿಕಿತ್ಸೆಯ ಹೊಣೆ ಸಾಕಿದವರದ್ದೇ ಆಗಿರುತ್ತದೆ.

(5) ಪ್ರಾಣಿ ತಪ್ಪಿಸಿಕೊಂಡಲ್ಲಿ ಕೂಡಲೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸುವುದು.

8. ಅರ್ಜಿದಾರರ ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಅಂಗಡಿಯವರು ರಸೀದಿ ನೀಡಿದ್ದಾರೆ. ಅಷ್ಟು ಸಾಲದೇ?
ಉತ್ತರ: ಸಾಲದು. ರಸೀದಿ ಹಣ ಪಾವತಿಗೆ ಸಾಕ್ಷಿ, ನೋಂದಣಿಗೆ ಬದಲಿಯಲ್ಲ. ಮಾರಿದವರ ನೋಂದಣಿ ವಿವರ ಹಾಗೂ ಪ್ರಾಣಿಯ ಮೂಲದ ದಾಖಲೆಯನ್ನು ಹಣ ಕೊಡುವ ಮೊದಲೇ ಕೇಳಿ ಪಡೆಯಬೇಕು.

ಪ್ರಶ್ನೆ: ಇದು ಭಾರತದಲ್ಲಿಯೇ ಹುಟ್ಟಿದ ಮರಿ ಎನ್ನುತ್ತಾರೆ. ಆಗಲೂ ನೋಂದಣಿ ಬೇಕೇ?
ಉತ್ತರ: ಬೇಕು. ಎಲ್ಲಿ ಹುಟ್ಟಿದರೂ ಜೀವಂತ ಪ್ರಾಣಿಯನ್ನು ಹೊಂದಿರುವುದೇ ವರದಿಗೆ ಕಾರಣ.

ಪ್ರಶ್ನೆ: ಇಗ್ವಾನಾಗೆ ಇಷ್ಟು ತೊಡಕಿದ್ದರೆ ಮನೆಯಲ್ಲಿ ಗಿಳಿ ಸಾಕಬಹುದೇ?
ಉತ್ತರ: ನಮ್ಮ ಕಾಡು ತೋಟಗಳ ಗಿಳಿಗಳು ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವುದರಿಂದ ಅವನ್ನು ಪಂಜರದಲ್ಲಿಡುವುದು ಅಪರಾಧ. ಬಜರಿಗರ್, ಕಾಕಟೀಲ್ ಹಕ್ಕಿಗಳು ಸೈಟಿಸ್ ಪಟ್ಟಿಯಲ್ಲಿಲ್ಲ. ಪ್ರಾಣಿಪ್ರೀತಿಯುಳ್ಳ ಮನೆಗೆ ಒಂದು ಊರ ನಾಯಿಮರಿ ಹೆಚ್ಚು ಒಪ್ಪುವ ಸಂಗಾತಿ ಎಂಬುದನ್ನೂ ಇಲ್ಲಿ ನೆನಪಿಸಲಾಗಿದೆ.

ಪ್ರಶ್ನೆ: ನೆರೆಮನೆಯವರು ಇಗ್ವಾನಾ ಇಟ್ಟುಕೊಂಡಿದ್ದಾರೆ. ದೂರು ನೀಡಬೇಕೇ?
ಉತ್ತರ: ಅವರು ನೋಂದಣಿ ಮಾಡಿಸಿರಬಹುದು. ಮೊದಲಿಗೆ ಈ ಮಾಹಿತಿಯನ್ನು ಅವರ ಗಮನಕ್ಕೆ ತರುವುದು. ಮಾರಾಟ ಅಥವಾ ಹಿಂಸೆ ಕಂಡುಬಂದಲ್ಲಿ ಅರಣ್ಯ ಇಲಾಖೆಗೆ ತಿಳಿಸುವುದು.

ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಮನೆಮಂದಿಯೊಂದಿಗೆ, ವಿಶೇಷವಾಗಿ ಮಕ್ಕಳೊಂದಿಗೆ ಚರ್ಚಿಸಿ ನಿರ್ಧಾರ ಕೈಗೊಳ್ಳಬೇಕೆಂದು ಕೋರಲಾಗಿದೆ. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳುವುದು.